ಕಾಡವ್ವನ ಕುರಿಗಳು

“ಒಂದರೆ ಕುರಿ ನೆಟ್ಟಗ ಯಾಕ ನಿಂದರವಲ್ಲದು?”

ಖಾಲಿ ವರ್ಗದಲ್ಲಿ ಮೇಜಿನ ಮುಂದೆ ಕೂತು ಕಾಂತಾ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ತಾನೇ ಮಾಡಿದ ಮಣ್ಣಿನ ಕುರಿಗಳು ಒಂದರ ಮೇಲೊಂದು ಮಗುಚಿ ಬೀಳುತ್ತಿದ್ದವು. ಶಹಾಪುರದ ನೇಕಾರರ ಮಗಳು ಅವಳು. ನೂಲು ಹಿಡಿದ ಕೈಗೆ ಮಣ್ಣು ಒಗ್ಗಲಿಲ್ಲ. ಎಪ್ಪತ್ತೊಂಬತ್ತನೆಯ ಇಸವಿಯ ಮಾತು. ಬೆಳಗಾವಿಯ ಟ್ರೇನಿಂಗ್ ಕಾಲೇಜಿನವರು ಪಾಠ ಮಾಡಿ ಕಲಿಯಲೆಂದು ಅವಳನ್ನು ಖಾನಾಪುರದ ಒಂದು ಕನ್ನಡ ಶಾಲೆಯ ಎರಡನೆಯ ಇಯತ್ತೆಗೆ ಕಳಿಸಿದ್ದರು. ಮರುದಿನ ಪರೀಕ್ಷೆಯ ಪಾಠ. ಮಣ್ಣಿನ ಕುರಿ ಎಣಿಸಿ ಲೆಕ್ಕ ಕಲಿಸುವುದಾಗಿ ಅವಳು ಮೊದಲೇ ಬರೆದುಕೊಟ್ಟಿದ್ದಳು. ನೋಡಿ ಅಂಕ ಕೊಡಲು ಬರುವವರು ಚನ್ನಬಸಯ್ಯ ಮಾಸ್ತರರು. ನಪಾಸಾದರೆ ಮತ್ತೆ ಓದಿಸುವುದಿಲ್ಲ, ಮಗ್ಗಕ್ಕೆ ಕೂರಬೇಕೆಂದು ಅಪ್ಪ ಮೊದಲೇ ಹೇಳಿದ್ದ. ಅಪ್ಪ ಕೆಟ್ಟವನೇನಲ್ಲ, ಆದರೆ ಅವನು ಆಡಿದ ಮಾತು ನೂಲಿಗೆ ಹಾಕಿದ ಗಂಟು. ಬಿಚ್ಚಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

“ಕಾಲ ಸಣ್ಣ ಆಗ್ಯಾವ್ರಿ ಅಕ್ಕೋರ.”

ಬಾಗಿಲಲ್ಲಿ ಕಾಡವ್ವ ನಿಂತಿದ್ದಳು, ಕುರಿಗಾರರ ಮನೆಯ ಹುಡುಗಿ. ಕಾಂತಾ ಬಂದಾಗಿನಿಂದ ಇವಳು ಬಾಯಿ ತೆರೆದದ್ದು ಇದೇ ಮೊದಲು. ಲೆಕ್ಕದ ಹೊತ್ತಿನಲ್ಲಿ ನೆಲ ನೋಡುತ್ತಾ ಕೂರುವವಳನ್ನು ದಡ್ಡಿಯೆಂದೇ ಕಾಂತಾ ತಿಳಿದಿದ್ದಳು. ಅವಳ ಪಕ್ಕದಲ್ಲಿ ಕೂರುವ ಶಿವಬಸವ್ವನಿಗಂತೂ ಅವಳ ಮೇಲೆ ದಿನಕ್ಕೊಂದು ತಕರಾರು: ಇವಳಿಗೆ ಕುರಿಯ ವಾಸನೆ ಬರುತ್ತದೆ, ತನ್ನ ಜಾಗ ಬದಲಿಸಬೇಕು. ಶಿವಬಸವ್ವ ಕಾಳಿನ ಅಂಗಡಿಯವರ ಮಗಳು. ಯಾರೂ ಕೇಳದಿದ್ದರೂ ಮಾಡಿನ ಜಂತಿ, ಅಕ್ಕೋರ ಕೈಬಳೆ, ಕಂಡಿದ್ದನ್ನೆಲ್ಲ ಎಣಿಸಿ ಹೇಳುವ ಚಾಳಿ ಅವಳದು.

ಕಾಡವ್ವ ನೆಲಕ್ಕೆ ಕೂತು ಮಣ್ಣು ಹದ ಮಾಡಿದಳು. ಅವಳ ಕೈಯಿಂದ ಕುರಿಗಳು ಒಂದೊಂದಾಗಿ ಇಳಿದು ತಮ್ಮ ಕಾಲ ಮೇಲೆ ನಿಂತವು. ಇದು ಹರಕುಗಿವಿಯದು, ಇದು ಬೇರೆ ಮರಿಗಳ ಪಾಲಿನ ಹಾಲು ಕದಿಯುವುದು ಎಂದು ಅವಳು ಒಂದೊಂದರ ಗುಣವನ್ನೂ ಹೇಳುತ್ತಾ ಹೋದಳು. ಅಷ್ಟರಲ್ಲಿ ಬಂದ ಶಿವಬಸವ್ವ ವಾಸನೆಯನ್ನು ಮರೆತು ಮಗ್ಗುಲಿಗೇ ಕೂತಳು. ಕಾಡವ್ವ ಒಂದು ಮರಿಯನ್ನು ಅವಳ ಅಂಗೈಯಲ್ಲಿಟ್ಟಳು.

“ಇಕಿ ಕುಂಟಿ. ಸಾವಕಾಶ ಹಿಡಿ.”

ಕಾಂತಾಳಿಗೆ ಜೀವ ಬಂದಂತಾಯಿತು. ಹಾಗಾದರೆ ಒಟ್ಟು ಎಷ್ಟಾದವು, ಎಣಿಸಿ ಹೇಳು ಎಂದಳು. ಕಾಡವ್ವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

“ಎಣಸಬಾರದ್ರಿ. ನಮ್ಮ ಮನ್ಯಾಗ ಕುರಿ ಯಾರೂ ಎಣಸೂದಿಲ್ಲ. ಎಣಿಸಿದ್ರ ಕಡಿಮಿ ಆಗತಾವ.”

“ಮತ್ತ ಒಂದು ಕಳದ್ರ ಹೆಂಗ ತಿಳೀತೈತಿ?”

“ಅದರ ಮಾರಿ ಕಾಣಂಗಿಲ್ಲಲ್ರಿ.”

“ಇವು ಮಣ್ಣಿನೂವು, ಹುಚ್ಚಿ,” ಎಂದಳು ಶಿವಬಸವ್ವ.

“ಹೆಸರ ಇಟ್ಟೇನಿ,” ಎಂದಳು ಕಾಡವ್ವ.

ಸಂಜೆ ಕಾಂತಾ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕೂತಾಗ ಕಾಡವ್ವನ ಆ ಮಾತು ಮತ್ತೆ ನೆನಪಿಗೆ ಬಂತು. ತೂಕದ ಪಾಠಕ್ಕೆ ಬೇಕು, ಇದನ್ನು ತಕ್ಕಡಿಗೆ ಹಾಕು ಎಂದು ಯಾರಾದರೂ ಕೇಳಿದರೆ ತಾನು ಕೊಡುತ್ತಿದ್ದಳೇ? ಮರುದಿನ ಅವಳು ಒಂದು ಚೀಲ ಹುಣಸೆಬೀಜ ಕಟ್ಟಿಕೊಂಡು ಶಾಲೆಗೆ ಹೋದಳು. ಕಥೆಗೆ ಕುರಿ, ಲೆಕ್ಕಕ್ಕೆ ಬೀಜ.

ಪಾಠ ಸುಸೂತ್ರವಾಗಿ ಸಾಗಿತು. ಮೇಜಿನ ಮೇಲೆ ಹಿಂಡು ನಿಂತಿತ್ತು. ಮಕ್ಕಳು ಬೀಜ ಕೂಡಿಸಿದರು, ಕಳೆದರು. ಕಾಡವ್ವ ಎದ್ದು ನಿಂತು ಉತ್ತರ ಹೇಳಿದಾಗ ಇಡೀ ವರ್ಗ ತಿರುಗಿ ಅವಳನ್ನು ನೋಡಿತು. ಹಿಂದಿನ ಬೆಂಚಿನಲ್ಲಿ ಚನ್ನಬಸಯ್ಯ ಮಾಸ್ತರರು ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿದರು. ಸಜ್ಜನರು, ಆದರೆ ಬರೆದುಕೊಟ್ಟ ಪಾಠವೇ ವರ್ಗದಲ್ಲಿ ಕಾಣಬೇಕು ಎನ್ನುವವರು.

“ಪಾಠ ಚಲೋ ಆತ್ರಿ. ಆದ್ರ ಕುರಿ ಎಣಿಸಿ ತೋರಸ್ತೀನಂತ ಬರದೀರಿ, ಇಲ್ಲಿ ಬರೇ ಬೀಜ ಎಣಿಸೀರಿ. ನಾ ಅಂಕ ಯಾತಕ್ಕ ಕೊಡ್ಲಿ? ಯಾರ ಕಡಿಂದರೆ ಈ ಕುರಿ ಎಣಿಸಿ ಮುಗಸ್ರಿ.”

ಕುರಿ ಯಾಕೆ ಎಣಿಸಲಿಲ್ಲವೆಂಬ ಉತ್ತರ ಕಾಂತಾಳ ನಾಲಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಅಪ್ಪನ ಮಗ್ಗ ಕಣ್ಣ ಮುಂದೆ ಬಂತು. ಕಾಡವ್ವನ ಕಣ್ಣು ಮೇಜಿನ ಮೇಲೆ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹೋಗುತ್ತಿತ್ತು. ಅವಳನ್ನು ಕರೆಯಲಾರೆ ಎನ್ನುವುದು ಕಾಂತಾಳಿಗೆ ತಿಳಿದಿತ್ತು. ಆದರೆ ಅವಳನ್ನೇ ಕರೆಯಬೇಕೆಂದು ಮಾಸ್ತರರು ಹೇಳಿರಲಿಲ್ಲವಲ್ಲ. ಎಣಿಸು ಎನ್ನುವ ಮೊದಲೇ ಎಣಿಸುವ ಇನ್ನೊಬ್ಬಳು ಇದ್ದಳು.

“ಶಿವಬಸವ್ವ, ನೀ ಬಾರವಾ,” ಎಂದಳು ಕಾಂತಾ. ಕಾಡವ್ವನ ಕಡೆ ನೋಡಲಿಲ್ಲ. “ಇವು ಎಷ್ಟ ಅದಾವ ಎಣಿಸಿ ಹೇಳು.”

ಶಿವಬಸವ್ವ ಲಂಗ ಸರಿಪಡಿಸಿಕೊಂಡು ಮೇಜಿನ ಹತ್ತಿರ ಬಂದಳು. ಬೆರಳು ಮುಂದೆ ಮಾಡಿದಳು. ಬೆರಳು ಹಿಂಡಿನ ಅಂಚಿನಲ್ಲಿ ನಿಂತಿದ್ದ ಕುಂಟಿಯ ಮೇಲೆ ನಿಂತಿತು. ಅವಳು ಒಮ್ಮೆ ಕಾಡವ್ವನನ್ನು ನೋಡಿದಳು. ಆಮೇಲೆ ಮರಿಯನ್ನು ಎತ್ತಿ ಅಂಗೈಯಲ್ಲಿಟ್ಟು, ಇನ್ನೊಂದು ಕೈ ಮುಚ್ಚಿ, ಮಾಸ್ತರರ ಕಡೆ ತಿರುಗಿದಳು.

“ನಾ ಎಣಸಂಗಿಲ್ರಿ.”