ಬಾಣಂತಿ ಕೋಣೆಗೆ ಗಾಳಿ ಬಿಟ್ಟವರು ಯಾರು?

ಟಕ್. ಟಕ್. ಟಕ್.

ಮರಿಮಲ್ಲಪ್ಪ ಕಂಬಳಿಯೊಳಗೆ ಉಸಿರು ಬಿಗಿಹಿಡಿದ. ಮತ್ತೆ ಅದೇ ಬಡಿತ. ಎದ್ದು ಬೀದಿಬಾಗಿಲು ತೆಗೆದ. ಚಂದಕವಾಡಿಯ ಬೀದಿಯಲ್ಲಿ ಮಾರ್ಗಶಿರದ ಮಂಜಿನ ಹೊರತು ನರಪಿಳ್ಳೆಯೂ ಇರಲಿಲ್ಲ. ಬಾಣಂತಿ ಕೋಣೆಯ ಕಿಟಕಿಯಡಿ ಮಲಗಿದ್ದ ಬಿಳಿ ನಾಯಿ ಮುತ್ತ ಎದ್ದು ಬಂದು ಬಾಲವಾಡಿಸಿತು. ಟಾರ್ಚಿನ ಬೆಳಕು ಅದರ ಮುಖದ ಮೇಲೆ ಬಿತ್ತು. ಹಣೆಯ ನಟ್ಟನಡುವೆ ಹಸಿಹಸಿಯಾದ ಕೆಂಪು ಬೊಟ್ಟು!

ಬೆಳಿಗ್ಗೆ ನೋಡಿದರೆ, ಬಾಣಂತಿ ಕೋಣೆಯ ಕಿಟಕಿಗೆ ಅವನೇ ತುರುಕಿದ್ದ ಗೋಣಿಚೀಲದ ಸುರುಳಿ ಸಡಿಲಗೊಂಡು ಜೋತಾಡುತ್ತಿತ್ತು.

ಬೇರೆ ಮನೆಯಾಗಿದ್ದರೆ ಇದೊಂದು ಸಂಗತಿಯೇ ಅಲ್ಲ. ಆದರೆ ಮಗಳು ಶಿವಾನಿ ಚೊಚ್ಚಲ ಹೆರಿಗೆ ಮುಗಿಸಿ ಹಸುಗೂಸಿನೊಂದಿಗೆ ಆ ಕೋಣೆಯಲ್ಲಿದ್ದಳು. ಬಾಣಂತಿಗೆ ಗಾಳಿ ಸೋಕಬಾರದು. ಅದರಲ್ಲೂ ಚಳಿಗಾಲದ ಗಾಳಿ. ಶಿವಾನಿಯ ತಾಯಿ ತೀರಿಹೋಗಿ ಬಹಳ ಕಾಲವಾಗಿತ್ತು. ಹಾಗಾಗಿ ನೀರೆರೆಯುವ, ಪಥ್ಯ ಮಾಡುವ, ರಾತ್ರಿ ಕೋಣೆಯಲ್ಲಿ ಜೊತೆಗೆ ಮಲಗುವ ಹೊಣೆ ಮರಿಮಲ್ಲಪ್ಪನ ತಾಯಿ, ಬೊಚ್ಚುಬಾಯಿಯ ಚಿಕ್ಕಮಲ್ಲಮ್ಮನದು. ಗಾಳಿಯ ಹೊಣೆ ಮರಿಮಲ್ಲಪ್ಪನದು.

ಅವನು ಅರಿಸಿನದ ಹೊಲವನ್ನೇ ಮರೆತು ಗಾಳಿಯ ಮೇಲೆ ಯುದ್ಧ ಸಾರಿದ್ದ. ಹೆಂಚಿನ ಸಂದಿಗಳಿಗೆ ಹಳೆ ಪಂಚೆ ಹರಿದು ತುರುಕಿದ. ಕಿಟಕಿಯ ಬಿರುಕುಗಳಿಗೆ ಮೈದಾ ಅಂಟಿನಿಂದ ಪೇಪರು ಮೆತ್ತಿದ. ಬಾಗಿಲ ಕೆಳಗಿನ ಸಂದಿಗೆ ಹೊಟ್ಟು ತುಂಬಿದ ಸೀರೆಯ ದಿಂಬಿಟ್ಟ. ಬೀಗದ ಕಿಂಡಿಗೂ ಸೋಪು ಒತ್ತಿದ. ಟಿ.ವಿ. ವೈರಿನ ತೂತಿಗೆ ರಾಗಿಮುದ್ದೆ ಜಡಿದಿದ್ದನ್ನು ಇಲಿ ತಿಂದುಹೋಯಿತು. ಎರಡನೆಯ ಸಲ ಬೇವಿನ ಹಿಂಡಿ ಜಡಿದ.

ಇಷ್ಟಾದ ಮೇಲೂ ಗುಂಡ್ಲುಪೇಟೆಯಿಂದ ಬೀಗಿತ್ತಿ ನಾಗರತ್ನ ಪರೀಕ್ಷೆಗೆಂದೇ ಬಂದು ಕುಳಿತಿದ್ದಳು. ಕೈಯಲ್ಲಿ ಹಚ್ಚಿದ ಊದುಬತ್ತಿ. ಅದನ್ನು ಗೋಡೆಯುದ್ದಕ್ಕೂ ಹಿಡಿದು ನಡೆಯುವಳು. ಹೊಗೆ ನೆಟ್ಟಗೆ ಏರಿದರೆ ಸರಿ, ಬಾಗಿದರೆ ಮುಗಿಯಿತು. ಬಂದ ದಿನ ಹೊಗೆ ಕಂಬದಂತೆ ನಿಂತಿತ್ತು. ಈ ಬೆಳಿಗ್ಗೆ ಕಿಟಕಿಯ ಬಳಿ ಹಾವಿನಂತೆ ಹೊರಳಿತು.

"ನೋಡಿ ಬೀಗ್ರೆ, ಎಂಗೆ ಕುಣೀತದ! ಹೆಣ್ಣುದಿಕ್ಕಿಲ್ಲದ ಮನ, ಆಗದು ಅಂತ ಮದ್ಲೇ ಯೋಳಿದ್ದೆ. ನಾಳ ರಾಜಶೇಖರ ಕಾರು ತತ್ತಾನ. ತಾಯಿ ಕೂಸು ಇಬ್ರೂ ನಮ್ಮೂರ್ಗೆ."

ಮರಿಮಲ್ಲಪ್ಪ ಕಿಟಕಿಗೆ ಅಡ್ಡ ನಿಂತ. ಮೂರನೆಯ ತಿಂಗಳವರೆಗೆ ಮೊಮ್ಮಗಳು ತನ್ನ ಮನೆಯಲ್ಲಿರಬೇಕೆಂಬುದು ಅವನ ಒಂದೇ ಆಸೆ.

"ನಾಗರತ್ನಕ್ಕ, ನಾನು ಬುಟ್ಟ ಸಂದಿ ಅಲ್ಲ ಅದು. ಯಾರೋ ಕಿತ್ತವ್ರೆ."

"ಯಾರು ಅಂತ ಯೋಳಿ. ಕಾರು ಬರಗಂಟ ಟೈಮದ. ಯೋಳುದ್ರ ಕೂಸು ಇಲ್ಲೇ ಇರ್ಲಿ. ನನ್ ಮಾತಂದ್ರ ಮಾತು."

"ಮಾಟ ಕಣ್ಲಾ ಮರಿಮಲ್ಲ!" ಚಿಕ್ಕಮಲ್ಲಮ್ಮ ಕೋಣೆಯೊಳಗಿಂದಲೇ ಕೂಗಿದಳು. "ನಾಯ್ ಅಣ ಮೇಲ ಕೆಂಪು ಬೊಟ್ಟು ಯಾರಿಕ್ತರ? ಅದ ಯಾರೂ ಮುಟ್ಟಕುಡ್ದು!"

ಯಾರೂ ಮುಟ್ಟಲಿಲ್ಲ. ಮುತ್ತ ಬೊಟ್ಟಿನೊಂದಿಗೇ ಊರು ಸುತ್ತಿತು. ಮಧ್ಯಾಹ್ನದ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ಇಬ್ಬರು ಅದಕ್ಕೆ ಕೈಮುಗಿದರು. ಒಬ್ಬಾಕೆ ಬನ್ನು ಹಾಕಿದಳು.

ಮರಿಮಲ್ಲಪ್ಪ ಮಗಳನ್ನು ವಿಚಾರಿಸಿದ.

"ಸೆಕೆ ಅಂತ ನೀನೇ ಕಿತ್ತ್ಯೇನಮ್ಮಿ?"

ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮೇಲೊಂದು ಶಾಲು ಸುತ್ತಿಕೊಂಡಿದ್ದ ಶಿವಾನಿ ಮೂರು ಸಲ ಕೇಳಿಸಿಕೊಂಡು ಉತ್ತರಿಸಿದಳು. "ನಾನಾಗಿದ್ರ ಚೀಲ ಅಲ್ಲ ಕಣಪ್ಪ, ಕಿಟಕಿನೇ ಕಿತ್ತಾಕ್ತಿದ್ದೆ. ಇದ್ರೊಳ್ಗ ಡೊಳ್ಳು ಬಡುದ್ರೂ ನಂಗ ಕೇಳದು."

ಹೊರಗಿನಿಂದ ಬಂದವರು ಯಾರೂ ಇಲ್ಲ. ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ನಾಗರತ್ನಳೇ ಮಲಗುತ್ತಿದ್ದಳು. ಅವಳನ್ನು ದಾಟಿ ಇರುವೆಯೂ ಹೋಗಲಾರದು, ಬರಲಾರದು. ಅವಳ ಗೊರಕೆಯ ನಡುವೆ ಆ ರಾತ್ರಿಯೂ ಕೇಳಿತು: ಟಕ್. ಟಕ್. ಟಕ್. ಮುಂಜಾನೆ ಚೀಲ ಮತ್ತೆ ಜೋತಾಡುತ್ತಿತ್ತು. ಮುತ್ತನ ಹಣೆಯಲ್ಲಿ ಹೊಸ ಬೊಟ್ಟು.

ಬೀದಿಯಲ್ಲಿ ಕಾರಿನ ಹಾರನ್ನು ಕೂಗಿತು. ಅಳಿಯ ರಾಜಶೇಖರ ಇಳಿದ. ನಾಗರತ್ನ ತೊಟ್ಟಿಲ ಬಟ್ಟೆಯನ್ನು ಗಂಟು ಕಟ್ಟಿದಳು.

ಸೋತ ಮರಿಮಲ್ಲಪ್ಪ ಜಗಲಿಯಲ್ಲಿ ಕುಕ್ಕರಿಸಿದ. ಮುತ್ತ ಬಂದು ಅವನ ಮಡಿಲಿಗೆ ತಲೆಯಿಟ್ಟಿತು. ಬೊಟ್ಟು ನೇರವಾಗಿ ಹೆಗಲಿನಿಂದ ಮಡಿಲಿಗೆ ಇಳಿಬಿದ್ದಿದ್ದ ಟವೆಲಿಗೆ ಒತ್ತಿತು. ಮಾಟ ತಗುಲಿತೆಂದು ಬೆಚ್ಚಿಬಿದ್ದವನು, ಒಂದು ಕ್ಷಣ ತಡೆದು, ಟವೆಲನ್ನು ಮೂಗಿನ ಬಳಿಗೆ ತಂದ. ಕುಂಕುಮದ ವಾಸನೆಯಲ್ಲ. ಎಲೆಯಡಿಕೆ. ಜೊತೆಗೆ ಘಾಟಾದ ಹೊಗೆಸೊಪ್ಪು!

ಆ ಮನೆಯಲ್ಲಿ ಹೊಗೆಸೊಪ್ಪು ಹಾಕುವವರು ಈಗ ಯಾರೂ ಇರಲಿಲ್ಲ. ಹಾಕುತ್ತಿದ್ದ ಒಬ್ಬರು, ಹೆರಿಗೆ ಸುಸೂತ್ರವಾದ ದಿನ, ಊರವರೆಲ್ಲರ ಮುಂದೆ ಮಾದಪ್ಪ ದೇವರ ಮೇಲೆ ಆಣೆಯಿಟ್ಟು ಎಲೆಯಡಿಕೆ ಸಮೇತ ಬಿಟ್ಟಿದ್ದರು.

ಮರಿಮಲ್ಲಪ್ಪ ಒಳಗೆ ನುಗ್ಗಿದ. ಬಾಣಂತಿಗೆ ಮೆಣಸು, ಓಂಕಾಳು ಜಜ್ಜಲೆಂದು ಕೋಣೆಯ ಗೂಡಿನಲ್ಲಿಟ್ಟಿದ್ದ ಕಬ್ಬಿಣದ ಕುಟ್ಟಾಣಿಯನ್ನು ಎತ್ತಿಕೊಂಡ. ಹಲ್ಲಿಲ್ಲದವರು ಎಲೆಯಡಿಕೆ ಕುಟ್ಟಿಕೊಳ್ಳುವ ಪುಟ್ಟ ಒರಳು ಅದು. ಒಳಗೆ ಬೆರಳಾಡಿಸಿದ. ಬೆರಳು ಕೆಂಪಾಯಿತು. ಕುಟ್ಟಿ ನೋಡಿದ.

ಟಕ್. ಟಕ್. ಟಕ್.

ಎಲ್ಲವೂ ಒಂದೇ ಏಟಿಗೆ ಬಿಡಿಸಿಕೊಂಡಿತು. ಬಾಗಿಲಿಗೆ ಅಡ್ಡವಾಗಿ ಬೀಗಿತ್ತಿ. ಬಾಯಿ ತುಂಬ ರಸ. ಚೀಲ ಸರಿಸಿ ಉಗುಳಲು ಉಳಿದದ್ದು ಕಿಟಕಿಯೊಂದೇ. ಅದರಡಿ ಪಾಪದ ಮುತ್ತ!

ತೊಟ್ಟಿಲ ಬಳಿ ಎರಡು ಮುದಿ ಕಣ್ಣುಗಳು 'ಹೇಳಬೇಡ' ಎಂದು ಅಂಗಲಾಚುತ್ತಿದ್ದವು. ಒಂದು ಕಡೆ ಮಾದಪ್ಪನ ಮೇಲೆ ಅವ್ವ ಇಟ್ಟ ಆಣೆಯ ಮಾನ. ಇನ್ನೊಂದು ಕಡೆ, ನಾಗರತ್ನಳ ತೋಳಿನಲ್ಲಿ, ಆಕಳಿಸುತ್ತಿರುವ ಮೊಮ್ಮಗಳು.

"ಏನ್ ಬೀಗ್ರೆ, ಒಳ್ಳು ಇಡ್ಕಂಡು ನಿಂತ್ಬುಟ್ರಿ? ಯಾರು ಅಂತ ಯೋಳ್ತೀರಾ, ನಾವ್ ಒಲ್ಡನಾ?"

ಮರಿಮಲ್ಲಪ್ಪ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮಾದಪ್ಪನಿಗೂ ಅವ್ವನಿಗೂ ಕೈಮುಗಿದ.

"ನಮ್ಮವ್ವ ಚಿಕ್ಕಮಲ್ಲಮ್ಮ ಕಣ ನಾಗರತ್ನಕ್ಕ!"