ಏಳು ಗಂಟೆಯ ರಂಗೋಲಿ

ಎರಡು ಸಾವಿರದ ಐದರ ಸುಮಾರಿಗೆ, ಹಳೇ ಬೆಂಗಳೂರು ನೋಡುವವರು ಪ್ರತಿ ಭಾನುವಾರ ಗವಿಪುರದ ನಮ್ಮ ಬೀದಿಗೆ ಬರತೊಡಗಿದಾಗ ನನಗೆ ಮೈಯೆಲ್ಲ ಉರಿದಿತ್ತು. ನಮ್ಮ ಜಗಲಿ, ಕಿಟಕಿ, ಒಣಹಾಕಿದ ಸೀರೆ, ಏನನ್ನೂ ಬಿಡದೆ ಫೋಟೊ ಹೊಡೆಯುವುದೆಂದರೇನು! ಒಂದು ದಿನ ಅವರನ್ನು ಕರೆತರುವ ಸಂಧ್ಯಾ ಗೇಟಿನ ಹತ್ತಿರ ಬಂದು, "ಆಂಟಿ, ನಿಮ್ ರಂಗೋಲಿ ಅಂದ್ರೆ ಎಲ್ಲಾರ್ಗೂ ಇಷ್ಟ. ಏಳ್ ಗಂಟೆಗೆ ನಾವ್ ಬಂದಾಗ್ಲೇ ಹಾಕ್ತೀರಾ?" ಎಂದಳು. ಉಬ್ಬಿಹೋಗಿ ಒಪ್ಪಿಕೊಂಡೆ. ಸೂರ್ಯ ಹುಟ್ಟುವ ಮೊದಲೇ ಹಾಕಬೇಕೆಂದು ಕೈಹಿಡಿದು ಕಲಿಸಿದ್ದ ಅತ್ತೆ ತೀರಿಕೊಂಡು ಮೂರು ವರ್ಷವಾಗಿತ್ತು. ಇನ್ನು ಕೇಳುವವರು ಯಾರು?

ಪುಷ್ಯ ಮಾಸದ ಒಂದು ಭಾನುವಾರವೇ ಅತ್ತೆಯ ತಿಥಿ ಬಂತು. ಆ ದಿನ ಕರ್ಮ ಮುಗಿಯುವವರೆಗೂ ನಮ್ಮಲ್ಲಿ ರಂಗೋಲಿ ಹಾಕುವುದಿಲ್ಲ. ಹಾಕಿದರೆ, ಮನೆಗೆ ಬರುವ ಹಿರಿಯರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ನನಗಿದು ಗೊತ್ತಿಲ್ಲದ್ದೇನಲ್ಲ. ಮಡಿಯುಟ್ಟು ಅಡುಗೆ ಮಾಡುತ್ತಿದ್ದೆ. ಹೊರಗೆ ದಟ್ಟ ಮಂಜು. ಅದರೊಳಗಿಂದ ಸಂಧ್ಯಾಳ ದನಿ, ಹತ್ತಾರು ಹೆಜ್ಜೆಗಳ ಸಪ್ಪಳ ಕೇಳಿತು. ಒಲೆ ಸಣ್ಣಗೆ ಮಾಡಿದ್ದು ನೆನಪಿದೆ. ಆಮೇಲೆ ನಾನು ಬಾಗಿಲ ಮುಂದೆ ಬಗ್ಗಿದ್ದೆ. ಚುಕ್ಕಿಯಿಂದ ಚುಕ್ಕಿಗೆ ಎಳೆ ತಾನೇ ಹರಿಯುತ್ತಿತ್ತು. ಸುತ್ತ ನಿಂತವರ ಮುಖಗಳು ಮಂಜಿನಲ್ಲಿ ಕರಗಿದ್ದವು. ಬೀದಿಗೆ ಬೀದಿಯೇ ನೆಲ ಬಿಟ್ಟು ಮೇಲೇಳುತ್ತಿದೆ ಅನಿಸಿ ಎಷ್ಟು ಸುಖವಾಗಿತ್ತು!

"ಚೂಡಾ! ಏನೇ ಮಾಡ್ತಿದೀಯ? ಇವತ್ತು ಅಮ್ಮ ಬರ್ತಾಳಲ್ಲೇ!"

ಒದ್ದೆ ಪಂಚೆಯಲ್ಲಿ ನಮ್ಮನೆಯವರು ಹೊಸ್ತಿಲಲ್ಲಿ ನಿಂತಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಓಡಿಹೋಗಿ ಬಕೆಟ್ಟಿನಲ್ಲಿ ನೀರು ತಂದೆ.

"ಆಂಟಿ, ಒಂದ್ನಿಮಿಷ! ಇವ್ರು ಒಂದೇ ಒಂದ್ ಫೋಟೊ ತಕೊಂಡ್ಬಿಡ್ಲಿ, ಆಮೇಲ್ ಅಳ್ಸಿ," ಎಂದಳು ಸಂಧ್ಯಾ.

ಅಷ್ಟೂ ನೀರನ್ನು ಒಂದೇ ಸಲ ಸುರಿದೆ. ಬೆಳ್ಳಗೆ ಮೋರಿಗೆ ಹರಿಯಿತು. ಉಳಿದದ್ದನ್ನು ಬರಿಗೈಯಿಂದ ಉಜ್ಜಿದೆ.

"ನಮ್ಮತ್ತೆ ಬರೋ ಹೊತ್ತಾಯ್ತು. ದಾರಿ ಬಿಡಿ."

ಸಂಧ್ಯಾ ಮೆಲ್ಲಗೆ ಇಂಗ್ಲಿಷಿನಲ್ಲಿ ಬಂದವರಿಗೆ ಏನೋ ಹೇಳಿದಳು. ಎಲ್ಲರೂ ಕ್ಯಾಮೆರಾ ಇಳಿಸಿ ಬೀದಿಯ ಎರಡೂ ಬದಿಗೆ ಸರಿದರು. ನಡುವೆ ಬರೀ ಮಂಜು. ಬೀದಿಯ ತುದಿಯಿಂದ ಯಾರೋ ನಿಧಾನವಾಗಿ ನಡೆದು ಬಂದು, ನಮ್ಮ ಗೇಟಿನ ಮುಂದೆ ಅನುಮಾನಿಸಿ ನಿಂತಂತಾಯಿತು. ಅಷ್ಟು ಜನರ ಎದುರು ನನಗೆ ನಾಚಿಕೆಯೇ ಆಗಲಿಲ್ಲ.

"ಒಳಗ್ ಬನ್ನಿ ಅತ್ತೆ," ಎಂದೆ. "ಎಲ್ಲಾ ಅಳ್ಸಿದೀನಿ."