ಆಕ್ಸಲಿಗೆ ಕಟ್ಟಿದ ಮುಡಿಪು

ಆವತ್ತು ಬೆಳಗ್ಗೆ ಆಷಾಢದ ಗಾಳಿ ಎದ್ದು, ನಂದಿದುರ್ಗ ಚಿನ್ನದ ಗಣಿಯ ಸೈನೈಡ್ ದಿಬ್ಬದ ಧೂಳನ್ನೆಲ್ಲ ರಾಬರ್ಟ್‌ಸನ್‌ಪೇಟೆಯ ತನಕ ಹೊತ್ತು ತಂದು ಸುರಿಯುತ್ತಿತ್ತು. ಮೆಕ್ಯಾನಿಕ್ ಜಯರಾಮಪ್ಪನ ಶೆಡ್ಡಿನಲ್ಲಿ ತನ್ನ ಜೀಪಿನಡಿ ಮಲಗಿ ಬೋಲ್ಟು ಬಿಗಿಯುತ್ತಿದ್ದ ಬಚ್ಚಪ್ಪ ತಟ್ಟನೆ ಕೈ ನಿಲ್ಲಿಸಿದ. ಹಿಂದಿನ ಆಕ್ಸಲಿನ ಮೇಲೆ, ಗ್ರೀಸು ಮೆತ್ತಿದ ಪುಟ್ಟ ಬಟ್ಟೆಗಂಟು. ಅಂಚಿನಲ್ಲಿ ಇನ್ನೂ ಅರಿಸಿನದ ಬಣ್ಣ.

ಬೆಟ್ಟದ ಮೇಲಿನ ಅವನ ಹಳ್ಳಿಗೆ ಇದ್ದದ್ದು ಬಂಡೆದಾರಿ. ಹಾಲಿನ ಕ್ಯಾನು, ಕೂಲಿಯವರು, ದಿನ ತುಂಬಿದ ಬಸುರಿಯರು, ಎಲ್ಲರೂ ಬಚ್ಚಪ್ಪನ ಜೀಪಿನಲ್ಲೇ ಇಳಿಯಬೇಕು. ಯುಗಾದಿಗೆ ಮುಂಚೆ ಏರಿನಲ್ಲಿ ಹಳೆಯ ಆಕ್ಸಲು ಮುರಿದು, ಜನ ತುಂಬಿದ್ದ ಜೀಪು ಹಿಂದಕ್ಕೆ ಜಾರಿ ಹುಣಸೆಮರಕ್ಕೆ ಆತು ನಿಂತಿತ್ತು. ಆಮೇಲೆ ಜಯರಾಮಪ್ಪ ಗುಜರಿಯಿಂದ ಈ ದಪ್ಪ ಆಕ್ಸಲು ತಂದು ಕೂರಿಸಿದ. ಅಲ್ಲಿಂದಾಚೆಗೆ ಜೀಪು ಯಾವ ಬಂಡೆಗೂ ಹೆದರಿರಲಿಲ್ಲ.

“ಇದೇನಣ್ಣೋ ಗಂಟು?”

“ಮುಡಿಪು ಕಣ್ಲಾ. ಯಾರೋ ಹರಕೆ ಕಟ್ಟವ್ರೆ. ದೇವ್ರ ಗಂಟು ಬಿಚ್ಚಕ್ಕೆ ನಾನ್ಯಾರು? ಅಂಗೇ ಬಿಟ್ಟು ಫಿಟ್ ಮಾಡ್ದೆ.”

“ನಂಗೊಂದು ಮಾತು ಏಳ್ಬಾರ್ದಾ?”

“ಏಳಿದ್ರೆ ಗಾಡೀನೇ ಮುಟ್ತಿರ್ಲಿಲ್ಲ ನೀನು, ಪುಕ್ಲ!”

“ಯಾರ ಗಾಡೀದಿದು?”

“ಬಂಗಾರಪೇಟೆ ಚಿಕ್ಕವೆಂಕಟಪ್ಪಂದು. ಓದ್ವರ್ಷ ತೀರ್ಕೊಂಡ್ನಲ್ಲ.”

ಬಚ್ಚಪ್ಪನಿಗೆ ಆ ಹೆಸರು ಗೊತ್ತಿತ್ತು. ಚಿಕ್ಕವೆಂಕಟಪ್ಪನ ಹೆಂಡತಿ ಅನಸೂಯಮ್ಮ ಬಂಗಾರಪೇಟೆ ರೈಲ್ವೆ ಸ್ಟೇಷನ್ ಮುಂದೆ ಸೊಪ್ಪು ಮಾರುತ್ತಾಳೆ. ಗಂಡ ಕ್ಷೇಮವಾಗಿ ಓಡಾಡಿಕೊಂಡಿದ್ದರೆ ವರ್ಷ ತುಂಬಿದ ಮೇಲೆ ಒಪ್ಪಿಸುತ್ತೇನೆಂದು ಮುತ್ಯಾಲಮ್ಮ ದೇವಿಯ ಹೆಸರಲ್ಲಿ ಕಾಸಿನ ಮುಡಿಪನ್ನು ಅವನ ಜೀಪಿನ ಆಕ್ಸಲಿಗೆ ಕಟ್ಟಿದ್ದಳು. ವರ್ಷ ತುಂಬಿತು. ಅವಳು ತವರಿಗೆ ಹೋಗಿದ್ದಾಗ ಗಂಡ ಜೀಪನ್ನು ಗುಜರಿಗೆ ಮಾರಿಬಿಟ್ಟ, ಗಂಟೂ ಹೋಯಿತು. ಆಮೇಲೆ ಜ್ವರದಲ್ಲಿ ಅವನೂ ಹೋದ. “ಅಮ್ಮನ ಬಾಕಿ ಉಳಿಸ್ಕೊಂಡ್ವಿ, ಅದ್ಕೇ ಕರ್ಕೊಂಡ್ಲು. ಯಾವ ಮುಖ ಒತ್ಕೊಂಡು ಗುಡಿಗೆ ಓಗ್ಲಿ?” ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು.

ಬಚ್ಚಪ್ಪ ಜೀಪಿನಡಿಯಲ್ಲೇ ಮಲಗಿ ಗಂಟನ್ನು ನೋಡಿದ. ಇಷ್ಟು ದಿನ ಆ ಏರಿನಲ್ಲಿ ಕಾಪಾಡಿದ್ದು ಕಬ್ಬಿಣವೋ, ಗಂಟೋ? ನಾಳೆ ಮತ್ತೆ ಜನ ತುಂಬಿಕೊಂಡು ಅದೇ ಏರು. ಗಂಟು ಇದ್ದಲ್ಲೇ ಇರಲಿ ಎಂದು ಮನಸ್ಸು ಎಳೆಯಿತು. ಆದರೆ ಅವಳು ಹೊತ್ತ ಹರಕೆಯ ನೆರಳಲ್ಲಿ ತಾನು ತಣ್ಣಗಿದ್ದು, ಅವಳು ಬಿಸಿಲಲ್ಲಿ ಬೇಯುವುದೆಂದರೆ? ಮುತ್ಯಾಲಮ್ಮ ತಾಯಿ ಮೆಚ್ಚುವ ಮಾತೇ ಅದು?

ಎದ್ದು ಕೈಕಾಲು ತೊಳೆದು ಬಂದ. ಮತ್ತೆ ಜೀಪಿನಡಿ ನುಸುಳಿ, ಗಂಟಿನ ದಾರವನ್ನು ಆಕ್ಸಲಿನಿಂದ ಬಿಡಿಸಿದ.

“ಲೇ, ಬ್ಯಾಡ ಕಣ್ಲಾ,” ಎಂದ ಜಯರಾಮಪ್ಪ. ಆದರೆ ತಡೆಯಲಿಲ್ಲ.

ಸಂಜೆ ಮದ್ರಾಸ್ ಕಡೆಯ ರೈಲು ಬಿಟ್ಟು ಜನ ಕರಗಿದ ಮೇಲೆ, ಬಚ್ಚಪ್ಪ ಅನಸೂಯಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಯಾವ ಸೊಪ್ಪು ಬೇಕಪ್ಪಾ?”

ಅವನು ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮಡಿಲಿಗಿಟ್ಟ.